ಜಾಲದ ಸ್ವಿಚ್ಚು ಮತ್ತು ಅದರ ಮೂಲಪಾಠ

ಸ್ವಿಚ್ಚು ಎಂದೊಡನೆ ನಮ್ಮ ಕಣ್ಣು ಗೋಡೆಯ ಕಡೆಗೆ ಹೋಗುತ್ತದೆ. ದೀಪ ಹೊತ್ತಿಸಲು, ರೇಡಿಯೋ ಹಾಕಲು ಒತ್ತುವ ಗುಂಡಿಗೆ ಆ ಹೆಸರು ರೂಢಿಯಾಗಿಬಿಟ್ಟಿದೆ. ಇಲ್ಲಿ ಹೇಳಹೊರಟಿರುವ ಸ್ವಿಚ್ಚು ಬೇರೆ. ಗಣಕಯಂತ್ರಗಳನ್ನು ಒಂದಕ್ಕೊಂದು ಜೋಡಿಸಿರುವ ಜಾಲದಲ್ಲಿ, ಒಂದು ತಂತಿಯಿಂದ ಬಂದ ಸುದ್ದಿಯನ್ನು ತಕ್ಕ ಇನ್ನೊಂದು ತಂತಿಗೆ ದಾಟಿಸುವ ಪೆಟ್ಟಿಗೆಗೂ ಅದೇ ಹೆಸರು. ನೀವು ಆಕಾಶವಾಣಿಯ ಸಂಗೀತವನ್ನು ಮೊಬೈಲಿನಲ್ಲಿ ಅಂತರಜಾಲದ ಮೂಲಕ ಕೇಳುವಾಗ ಆ ರಾಗವು ಅಖಂಡ ಧಾರೆಯಾಗಿ ಬರುವುದಿಲ್ಲ. ಅದು ಸಾವಿರಾರು ಸಣ್ಣ ಪೊಟ್ಟಣಗಳಾಗಿ ಒಡೆದು, ಪ್ರತಿಯೊಂದರ ತಲೆಯ ಮೇಲೂ ವಿಳಾಸ ಹೊತ್ತುಕೊಂಡು, ಇಂಥ ಹಲವು ಪೆಟ್ಟಿಗೆಗಳನ್ನು ದಾಟಿ ಬಂದು ನಿಮ್ಮ ಕೈಯಲ್ಲಿ ಮತ್ತೆ ಒಂದಾಗುತ್ತದೆ. ಅಂಚೆಕಚೇರಿಯಲ್ಲಿ ಕಾಗದಗಳನ್ನು ವಿಂಗಡಿಸಿ ಊರೂರಿನ ಗೂಡಿಗೆ ಹಾಕುವವನ ಕೆಲಸ ಏನೋ, ಸ್ವಿಚ್ಚಿನ ಕೆಲಸ ಅದೇ. ವೇಗದ ಮಾತು ಮಾತ್ರ ಬೇರೆ.

ಬಹುಕಾಲ ಈ ವಿಂಗಡಣೆಯ ನಿಯಮಗಳನ್ನು ಸ್ವಿಚ್ಚಿನೊಳಗಿನ ಚಿಪ್ಪಿನಲ್ಲಿಯೇ, ಅದನ್ನು ತಯಾರಿಸುವಾಗಲೇ ಕೆತ್ತಿಬಿಡುತ್ತಿದ್ದರು. ಶಿಲಾಶಾಸನದಂತೆ. ಹೊಸ ಬಗೆಯ ವಿಳಾಸಕ್ರಮವೊಂದು ಬಳಕೆಗೆ ಬಂದರೆ ಹಳೆಯ ಚಿಪ್ಪಿಗೆ ಅದು ಅರ್ಥವಾಗದು. ಕೊಂಡವನು ಹೊಸ ಚಿಪ್ಪು ತಯಾರಾಗುವವರೆಗೆ ವರ್ಷಗಟ್ಟಲೆ ಕಾಯಬೇಕು, ಹಳೆಯದನ್ನು ಮೂಲೆಗೆ ಹಾಕಬೇಕು. ಶಾಸನದ ಬದಲು ಸ್ಲೇಟನ್ನು ಕೊಟ್ಟರೆ ಹೇಗೆ ಎಂಬ ಯೋಚನೆಯಿಂದ ಹುಟ್ಟಿದ್ದೇ ಬರೆದು ಬದಲಾಯಿಸಬಹುದಾದ ಸ್ವಿಚ್ಚು.

ಬರೆಯಬೇಕಾದರೆ ಭಾಷೆ ಬೇಕು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನಿಕ್ ಮೆಕ್‌ಕ್ಯೂನ್, ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಜೆನಿಫರ್ ರೆಕ್ಸ್‌ಫರ್ಡ್ ಮೊದಲಾದ ಹಲವರು ಸೇರಿ ೨೦೧೪ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಅಂಥ ಭಾಷೆಯನ್ನು ನಿರೂಪಿಸಿದರು. ಅದರ ಹೆಸರು ಪಿ೪. ಇದರ ರೀತಿ ಕನ್ನಡ ಪಾಠ ಓದಿದವರಿಗೆ ಅಪರಿಚಿತವೇನಲ್ಲ. ಹಳಗನ್ನಡ ಪದ್ಯವನ್ನು ಕೈಗೆತ್ತಿಕೊಂಡರೆ ನಾವು ಮೊದಲು ಪದಚ್ಛೇದ ಮಾಡುತ್ತೇವೆ, ಆಮೇಲೆ ಅನ್ವಯ, ಆಮೇಲೆ ತಾತ್ಪರ್ಯ. ಪಿ೪ ಭಾಷೆಯಲ್ಲಿ ಬರೆಯುವವನೂ ಮೊದಲು ಪೊಟ್ಟಣದ ತಲೆಬರಹವನ್ನು ಹೇಗೆ ಬಿಡಿಸಿಕೊಳ್ಳಬೇಕೆಂದು ಹೇಳುತ್ತಾನೆ. ಸೊನ್ನೆ ಒಂದುಗಳ ಆ ಸಾಲಿನಲ್ಲಿ ಮೊದಲ ೪೮ ಅಂಕಿಗಳು ತಲುಪಬೇಕಾದವನ ವಿಳಾಸ, ಮುಂದಿನ ೪೮ ಕಳುಹಿಸಿದವನ ವಿಳಾಸ, ಅದರ ಮುಂದಿನ ೧೬ ಒಳಗಿರುವುದು ಯಾವ ಬಗೆಯದೆಂಬ ಸೂಚನೆ, ಹೀಗೆ. ಬಳಿಕ ಒಂದು ಕೋಷ್ಟಕ: ಇಂಥ ವಿಳಾಸ ಕಂಡರೆ ಇಂಥ ಬಾಗಿಲಿಗೆ ಕಳುಹಿಸು, ಇಂಥದು ಕಂಡರೆ ತಡೆ, ಇಂಥದನ್ನು ಎಣಿಸಿಡು. ನಾಳೆ ಹೊಸ ವಿಳಾಸಕ್ರಮ ಬಂದರೆ ನಾಲ್ಕು ಸಾಲು ತಿದ್ದಿ ಬರೆದರಾಯಿತು, ಪೆಟ್ಟಿಗೆ ಹಳೆಯದೇ ಸಾಕು.

ಈ ಭಾಷೆಗೆಂದೇ ಬೇರ್‌ಫುಟ್ ನೆಟ್‌ವರ್ಕ್ಸ್ ಎಂಬ ಅಮೆರಿಕದ ಕಂಪೆನಿ (ಹೆಸರಿನ ಅರ್ಥ ಬರಿಗಾಲು!) ೨೦೧೬ರಲ್ಲಿ ಟೊಫಿನೋ ಎಂಬ ಚಿಪ್ಪನ್ನು ಪ್ರಕಟಿಸಿತು. ಸೆಕೆಂಡಿಗೆ ಆರೂವರೆ ಲಕ್ಷ ಕೋಟಿ ಸೊನ್ನೆ ಒಂದುಗಳನ್ನು ದಾಟಿಸಬಲ್ಲ ಚಿಪ್ಪು ಅದು. ತಿದ್ದಬಹುದಾದ ಸ್ವಿಚ್ಚು ನಿಧಾನವಾಗಿಯೇ ಇರಬೇಕೆಂದು ತಿಳಿದವರ ಸಂದೇಹಕ್ಕೆ ಅದು ಉತ್ತರವಾಯಿತು. ೨೦೧೯ರಲ್ಲಿ ಇಂಟೆಲ್ ಕಂಪೆನಿ ಬೇರ್‌ಫುಟ್ಟನ್ನು ಕೊಂಡುಕೊಂಡಿತು.

ಇಲ್ಲಿ ಒಂದು ಸೂಕ್ಷ್ಮವಿದೆ. ಪಿ೪ ಭಾಷೆಯ ವ್ಯಾಕರಣ ಎಲ್ಲರಿಗೂ ತೆರೆದದ್ದು. ಯಾರು ಬೇಕಾದರೂ ಕಲಿಯಬಹುದಿತ್ತು. ಆದರೆ ಮನುಷ್ಯ ಬರೆದ ಪಿ೪ ಪಾಠವನ್ನು ಟೊಫಿನೋಗೆ ತಿಳಿಯುವ ಸಂಕೇತಕ್ಕೆ ಭಾಷಾಂತರಿಸುವ ತಂತ್ರಾಂಶವೊಂದು ಬೇಕಲ್ಲವೆ? ಅದಕ್ಕೆ ಕಂಪೈಲರ್ ಎನ್ನುತ್ತಾರೆ. ಅದರ ಮೂಲಪಾಠ ಮಾತ್ರ ಕಂಪೆನಿಯ ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಟ್ಟದ್ದು. ಗುಟ್ಟನ್ನು ಹೊರಗೆಡಹುವುದಿಲ್ಲವೆಂದು ಕರಾರಿಗೆ ರುಜು ಹಾಕಿದವರಿಗೆ ಬಳಕೆಗೆ ಸಿಗುತ್ತಿತ್ತು. ಭಾಷೆ ಎಲ್ಲರದು, ನಿಘಂಟು ಒಬ್ಬನದು ಎಂದ ಹಾಗಾಯಿತು.

ಕಂಪೆನಿಯ ಉತ್ಸಾಹ ಇರುವಷ್ಟು ದಿನ ಇದು ಯಾರಿಗೂ ಅಷ್ಟಾಗಿ ಚುಚ್ಚಲಿಲ್ಲ. ೨೦೨೩ರ ಜನವರಿಯಲ್ಲಿ ಇಂಟೆಲ್, ಈ ಬಗೆಯ ಸ್ವಿಚ್ಚು ಚಿಪ್ಪುಗಳಿಗೆ ಇನ್ನು ಮುಂದೆ ಹೊಸದಾಗಿ ಬಂಡವಾಳ ಹಾಕುವುದಿಲ್ಲ, ಈಗಾಗಲೇ ಕೊಂಡವರನ್ನು ಮಾತ್ರ ನೋಡಿಕೊಳ್ಳುತ್ತೇವೆ ಎಂದು ಹೇಳಿತು. ಆಗ ಅನೇಕರ ಎದೆ ಧಸಕ್ಕೆಂದಿತು. ಈ ಚಿಪ್ಪಿನ ಸ್ವಿಚ್ಚುಗಳನ್ನು ಕೊಂಡು ಸಂಶೋಧನೆ ನಡೆಸುತ್ತಿದ್ದ ವಿಶ್ವವಿದ್ಯಾಲಯಗಳಿದ್ದವು, ಅದರ ಮೇಲೆಯೇ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳಿದ್ದರು. ಪೆಟ್ಟಿಗೆ ಅವರ ಬಳಿಯೇ ಇದೆ, ಹಣವೂ ಸಂದಿದೆ. ಕಂಪೈಲರಿನಲ್ಲಿ ನಾಳೆ ಒಂದು ದೋಷ ಕಂಡರೆ ತಿದ್ದುವವರು ಯಾರು? ತಾವೇ ತಿದ್ದಿಕೊಳ್ಳೋಣವೆಂದರೆ ಮೂಲಪಾಠ ಕೈಯಲ್ಲಿಲ್ಲ. ಕೊಂಡ ವಸ್ತು ನಿಜವಾಗಿ ಕೊಂಡವನದೆ ಎಂಬ ಪ್ರಶ್ನೆ ಹೀಗೆ ಎದ್ದಿತು.

೨೦೨೫ರ ಜನವರಿಯಲ್ಲಿ ಬೀಗ ತೆರೆಯಿತು. ಟೊಫಿನೋದ ಕಂಪೈಲರ್ ಭಾಗವನ್ನೂ, ಸ್ವಿಚ್ಚನ್ನು ನಡೆಸುವ ಇತರ ತಂತ್ರಾಂಶವನ್ನೂ ಇಂಟೆಲ್ ಮುಕ್ತವಾಗಿ ಬಿಟ್ಟುಕೊಟ್ಟಿದೆಯೆಂದು ಪಿ೪ ಬಳಗ ಪ್ರಕಟಿಸಿತು. ಮುಕ್ತ ಎಂಬ ಮಾತನ್ನು ತೂಗಿ ಬಳಸಬೇಕು. ಪತ್ರಿಕೆಗಳಲ್ಲಿ ಇದನ್ನು ಉಚಿತ ಎಂದೂ ಬರೆಯುವುದುಂಟು. ಉಚಿತವೆಂದರೆ ತಕ್ಕದ್ದು, ಯೋಗ್ಯವಾದದ್ದು ಎಂಬುದೇ ಮೂಲಾರ್ಥ, ದುಡ್ಡಿಲ್ಲದೆ ಸಿಗುವುದೆಂಬುದು ಈಚಿನ ರೂಢಿ. ಇಲ್ಲಿ ದುಡ್ಡಿನ ಮಾತು ಗೌಣ. ಯಾರು ಬೇಕಾದರೂ ಮೂಲಪಾಠವನ್ನು ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಪರರಿಗೆ ಹಂಚಬಹುದು. ಇದೇ ಮುಕ್ತಿ. ಸಾಮಾನ್ಯವಾಗಿ ಮೊದಲು ಬರೆದವರ ಹಕ್ಕುಬರಹವನ್ನು ಅಳಿಸಕೂಡದೆಂಬ ನಿಬಂಧನೆ ಇರುತ್ತದೆ. ಬಳಸಿ ಕೆಟ್ಟರೆ ಬರೆದವರು ಹೊಣೆಯಲ್ಲ.

ಇದರಿಂದ ಎಲ್ಲವೂ ಸರಿಹೋಯಿತೆಂದು ತಿಳಿಯಬಾರದು. ಮೂಲಪಾಠ ಓದಲು ಸಿಕ್ಕಿತೆಂಬ ಮಾತ್ರಕ್ಕೆ ಯಾರೂ ಮನೆಯಲ್ಲಿ ಚಿಪ್ಪು ತಯಾರಿಸಲಾರರು. ಅದಕ್ಕೆ ಬೇಕಾದ ಕಾರ್ಖಾನೆಯ ಮಾತೇ ಬೇರೆ. ನನಗಂತೂ ಈ ದಾನ ಸ್ವಲ್ಪ ತಡವಾಗಿ ಬಂದಿತೆಂದೇ ಅನ್ನಿಸುತ್ತದೆ. ಅಂಗಡಿ ನಡೆಯುತ್ತಿರುವಾಗಲೇ ತೆರೆದುಕೊಟ್ಟವರೂ ಇದ್ದಾರೆ. ಮೈಕ್ರೋಸಾಫ್ಟ್ ಕಂಪೆನಿ ತನ್ನ ಜಾಲದ ಸ್ವಿಚ್ಚುಗಳನ್ನು ನಡೆಸಲು ಸಿದ್ಧಪಡಿಸಿದ ಸೋನಿಕ್ ಎಂಬ ತಂತ್ರಾಂಶವನ್ನು ೨೦೧೬ರಲ್ಲಿಯೇ ಹೊರಬಿಟ್ಟು, ೨೦೨೨ರಲ್ಲಿ ಅದರ ಮೇಲ್ವಿಚಾರಣೆಯನ್ನು ಲಿನಕ್ಸ್ ಫೌಂಡೇಶನ್ನಿಗೆ ಒಪ್ಪಿಸಿತು. ಬೇರೆ ಬೇರೆ ತಯಾರಕರ ಚಿಪ್ಪುಗಳಿರುವ ಸ್ವಿಚ್ಚುಗಳ ಮೇಲೆ ಅದು ಇಂದು ನಡೆಯುತ್ತಿದೆ. ಒಬ್ಬ ತಯಾರಕ ಕೈಬಿಟ್ಟರೆ ಇನ್ನೊಬ್ಬನ ಪೆಟ್ಟಿಗೆ ಕೊಳ್ಳಬಹುದು, ನಡೆಸುವ ಕ್ರಮ ಅದೇ ಉಳಿಯುತ್ತದೆ.

ಆದರೂ ತಡವಾಗಿ ಬಂದದ್ದು ವ್ಯರ್ಥವಾಗಿಲ್ಲ. ಟೊಫಿನೋದ ಕಂಪೈಲರ್ ಭಾಗವನ್ನು ಈಗ ಪಿ೪ ಭಾಷೆಯ ಸಾಮಾನ್ಯ ಕಂಪೈಲರಿನ ಜೊತೆಯಲ್ಲಿಯೇ ಸೇರಿಸಿದ್ದಾರೆ. ಭಾಷೆಯನ್ನು ತಿದ್ದುವವರ ಕಣ್ಣ ಮುಂದೆಯೇ ಅದೂ ಇರುತ್ತದೆ. ನಿಮ್ಮ ಮನೆಯಲ್ಲಿ ಎಂಜಿನಿಯರಿಂಗ್ ಓದುವ ಮಗನೋ ಮಗಳೋ ಇದ್ದರೆ, ಒಂದು ಪಿ೪ ಸಾಲು ಕೊನೆಗೆ ಚಿಪ್ಪಿನ ಸಂಕೇತವಾಗುವ ದಾರಿಯನ್ನು ಯಾವ ಕರಾರಿಗೂ ರುಜು ಹಾಕದೆ, ಮನೆಯ ಗಣಕಯಂತ್ರದ ಮುಂದೆ ಕುಳಿತೇ ಓದಿ ನೋಡಬಹುದು.