ರೇಸ್ ಅಲ್ಲಮ್ಮಾ, ಪಾಠ!

ಒಲೆಯ ಮೇಲೆ ಒಗ್ಗರಣೆ ಚಟಪಟ ಎನ್ನುತ್ತಿರುವಾಗ ನಿಮ್ಮ ಮಗಳು ಪಕ್ಕದಲ್ಲಿ ಬಂದು ನಿಂತು, "ಅಮ್ಮಾ, ಈ ಶನಿವಾರ ನನ್ನ ಕಾರು ತಗೊಂಡು ರೇಸ್ ಟ್ರ್ಯಾಕಿಗೆ ಹೋಗ್ತಿದೀನಿ. ನೀನೂ ಬರ್ತೀಯಾ?" ಎಂದು ಕೇಳಿದರೆ ನೀವೇನು ಹೇಳುತ್ತೀರಿ? ನಾನೇನೂ ಹೇಳಲಿಲ್ಲ. ಒಗ್ಗರಣೆ ಸೀದುಹೋಯಿತು, ಅಷ್ಟೆ.

ಮಗಳಿರುವುದು ಅಮೆರಿಕದ ಸ್ಯಾನ್ ಹೋಸೆಯಲ್ಲಿ. ಆ ಕಡೆ ನಮ್ಮ ಕನ್ನಡದ ಮಕ್ಕಳು ಎಷ್ಟೊಂದು ಜನ ಇದ್ದಾರೆಂಬುದು ನಿಮಗೂ ಗೊತ್ತು; ನಿಮ್ಮ ಓಣಿಯಿಂದಲೂ ಒಬ್ಬರಾದರೂ ಹೋಗಿರುತ್ತಾರೆ. ಅವಳ ಮನೆಗೆ ನಾಲ್ಕು ತಿಂಗಳ ಮಟ್ಟಿಗೆಂದು ನಾನು ಹೋಗಿದ್ದೆ. ಅವಳು ಯಾರೋ ಓಡಿಸಿದ್ದ ಹಳೆಯ ಮಾಜ್ದಾ ಮಿಯಾಟಾ ಕಾರೊಂದನ್ನು ಕೊಂಡಿದ್ದಳು. ಎರಡೇ ಸೀಟು, ಮೇಲಿನ ಚಾವಣಿ ಮಡಚಿ ಹಿಂದಕ್ಕೆ ಹಾಕಬಹುದು. 1989ರಲ್ಲಿ ಮಾರುಕಟ್ಟೆಗೆ ಬಂದ ಈ ಪುಟ್ಟ ಕಾರು ಇಂಥ ಹುಚ್ಚಿನವರಿಗೆಲ್ಲ ಬಲು ಅಚ್ಚುಮೆಚ್ಚಂತೆ. ನನಗೆ ಮಾತ್ರ ಅದರಲ್ಲಿ ಕೂತರೆ ನೆಲದ ಮೇಲೆ ಚಾಪೆ ಹಾಸಿ ಕೂತಂತೆ ಆಗುತ್ತಿತ್ತು. ಏಳುವಾಗ ಇಬ್ಬರು ಎಬ್ಬಿಸಬೇಕು!

"ರೇಸ್ ಅಲ್ಲಮ್ಮಾ, ಪಾಠ" ಎಂದಳು. ಆಮೇಲೆ ವಿಚಾರಿಸಿದಾಗ ತಿಳಿಯಿತು. ಅಲ್ಲಿ ಕಾರಿನ ಸಂಘಗಳವರು ರೇಸ್ ಟ್ರ್ಯಾಕನ್ನು ಒಂದೆರಡು ದಿನಕ್ಕೆ ಬಾಡಿಗೆಗೆ ಹಿಡಿಯುತ್ತಾರೆ. ನಮ್ಮ ನಿಮ್ಮಂಥ ಸಾಮಾನ್ಯ ಜನ ತಮ್ಮದೇ ಕಾರು ತಂದು, ಪಕ್ಕದಲ್ಲಿ ಮೇಷ್ಟರನ್ನು ಕೂರಿಸಿಕೊಂಡು, ವೇಗದಲ್ಲಿ ಕಾರನ್ನು ಹಿಡಿತದಲ್ಲಿಡುವುದನ್ನು ಕಲಿಯುತ್ತಾರೆ. ಗೆಲ್ಲುವುದಿಲ್ಲ, ಸೋಲುವುದಿಲ್ಲ, ಬಹುಮಾನವೂ ಇಲ್ಲ. ದೊಡ್ಡ ರಸ್ತೆಯಲ್ಲಿ ಮಾಡಿದರೆ ಪೊಲೀಸರು ಹಿಡಿಯುವಂಥ ಕೆಲಸವನ್ನು ಎದುರಿನಿಂದ ಗಾಡಿ ಬಾರದ ಜಾಗದಲ್ಲಿ ಮಾಡುವುದು. ಇಷ್ಟು ಕೇಳಿದ ಮೇಲೂ ನನ್ನ ಎದೆ ಡವಗುಟ್ಟುತ್ತಲೇ ಇತ್ತು. ತಾಯಿಯ ಎದೆ, ಏನು ಮಾಡುವುದು ಹೇಳಿ?

ಹೋಗುವ ಮುಂಚಿನ ವಾರವೆಲ್ಲ ಕಾರಿನ ಆರೈಕೆ. ಮದುವೆಗೆ ಮುಂಚೆ ಹೆಣ್ಣಿಗೂ ಅಷ್ಟು ನಡೆಯುವುದಿಲ್ಲ. ಅದರಲ್ಲಿ ಒಂದು ವಿಷಯ ನಿಮಗೆ ಹೇಳಲೇಬೇಕು, ಏಕೆಂದರೆ ನಮ್ಮ ಊರಿನ ಕಾರಿಗೂ ಅದು ಅನ್ವಯಿಸುತ್ತದೆ. ಬ್ರೇಕ್ ಆಯಿಲ್ ಇದೆಯಲ್ಲ, ಅದು ಗಾಳಿಯಲ್ಲಿನ ತೇವವನ್ನು ಮೆಲ್ಲಗೆ ಹೀರಿಕೊಳ್ಳುತ್ತದೆ. ಮಳೆಗಾಲದಲ್ಲಿ ಡಬ್ಬದೊಳಗಿನ ಉಪ್ಪು ನೀರೊಡೆಯುವುದಿಲ್ಲವೇ, ಹಾಗೆ. ಮತ್ತೆ ಮತ್ತೆ ಜೋರಾಗಿ ಬ್ರೇಕ್ ಒತ್ತಿದಾಗ ಎಲ್ಲವೂ ಕಾದು, ಆ ತೇವ ಸೇರಿದ ಆಯಿಲ್ ಬೇಗ ಕುದಿಯುತ್ತದೆ, ಗುಳ್ಳೆ ಏಳುತ್ತದೆ. ಆಗ ಪೆಡಲ್ ಒತ್ತಿದರೆ ಕಾಲು ಸುಮ್ಮನೆ ಕೆಳಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಅದಕ್ಕೇ ಟ್ರ್ಯಾಕಿಗೆ ಹೋಗುವ ಮುಂಚೆ ಹಳೆಯದನ್ನು ತೆಗೆಸಿ ಹೊಸ ಆಯಿಲ್ ಹಾಕಿಸಬೇಕು. ಚಾವಣಿಯಿಲ್ಲದ ಕಾರು ಮಗುಚಿದರೆ ತಲೆ ಉಳಿಯಲೆಂದು ಸೀಟಿನ ಹಿಂದೆ ಗಟ್ಟಿ ಕಬ್ಬಿಣದ ಕಮಾನನ್ನೂ ಹಾಕಿಸಿದ್ದಳು. ಆ ಕಮಾನು ನೋಡಿದಾಗ ನನಗೆ ಧೈರ್ಯ ಬಂತೋ ಇದ್ದ ಧೈರ್ಯ ಹೋಯಿತೋ, ಈಗಲೂ ಹೇಳಲಾರೆ.

ಶನಿವಾರ ಇನ್ನೂ ಕತ್ತಲಿರುವಾಗಲೇ ಹೊರಟೆವು. ಬುತ್ತಿಗೆ ಚಿತ್ರಾನ್ನ, ಮೊಸರನ್ನ. ದಕ್ಷಿಣಕ್ಕೆ ಮಾಂಟೆರೆ ಎಂಬ ಸಮುದ್ರತೀರದ ಊರಿದೆ. ಅದರ ಹತ್ತಿರದ ಗುಡ್ಡಗಳ ನಡುವೆ ಲಗುನಾ ಸೆಕಾ. ಸ್ಪ್ಯಾನಿಷ್ ಭಾಷೆಯಲ್ಲಿ ಹಾಗೆಂದರೆ 'ಬತ್ತಿದ ಕೆರೆ'. 1957ರಲ್ಲಿ ಶುರುವಾದ ಟ್ರ್ಯಾಕು; ಒಂದು ಸುತ್ತಿಗೆ ಸುಮಾರು 3.6 ಕಿಲೋಮೀಟರ್, 11 ತಿರುವು. ಅಲ್ಲಿ ಗದ್ದಲಕ್ಕೂ ಮಿತಿಯಿದೆ. ಸುತ್ತಮುತ್ತ ಮನೆಗಳಿರುವುದರಿಂದ ಕಾರಿನ ಸದ್ದನ್ನು ಯಂತ್ರವಿಟ್ಟು ಅಳೆಯುತ್ತಾರೆ.

ಮೊದಲು ಕಾರಿನ ತಪಾಸಣೆ. ಚಕ್ರದ ನಟ್ಟು ಬಿಗಿಯಾಗಿವೆಯೇ, ಬ್ಯಾಟರಿ ಅಲ್ಲಾಡುತ್ತದೆಯೇ, ಟೈರು ಹೇಗಿದೆ ಎಂದು ನೋಡಿದರು. ಕಾರೊಳಗೆ ಒಂದು ಪೆನ್ನು ಕೂಡ ಸಡಿಲವಾಗಿ ಬಿದ್ದಿರಬಾರದು. ಕಾಲಡಿಯ ಚಾಪೆಯನ್ನೂ ತೆಗೆಸಿದರು, ಪೆಡಲಿನ ಕೆಳಗೆ ಸಿಕ್ಕಿಕೊಂಡೀತೆಂದು. ನನ್ನ ಬುತ್ತಿಯ ಚೀಲವೂ ಹೊರಗೆ ಬಂತು! ಬಳಿಕ ಎಲ್ಲರನ್ನೂ ನಿಲ್ಲಿಸಿ ಬಾವುಟಗಳ ಪಾಠ. ಹಳದಿ ಬಾವುಟ ಕಂಡರೆ ಮುಂದೆ ಅಪಾಯ, ಯಾರನ್ನೂ ದಾಟಬಾರದು. ಕೆಂಪು ಕಂಡರೆ ಗಾಬರಿಯಾಗದೆ ನಿಲ್ಲಿಸಬೇಕು. ಕಪ್ಪು ಬಾವುಟ ತೋರಿಸಿದರೆ ಏನೋ ತಪ್ಪಾಗಿದೆ, ಒಳಗೆ ಬಂದು ಉತ್ತರ ಹೇಳಬೇಕು. ದಾಟುವುದಕ್ಕೂ ಒಂದು ಮರ್ಯಾದೆ ಇದೆ, ನೋಡಿ: ಹೇಳಿದ ಜಾಗದಲ್ಲಿ ಮಾತ್ರ, ಅದೂ ಮುಂದಿನವರು ಕಿಟಕಿಯಿಂದ ಕೈ ಚಾಚಿ 'ಈ ಕಡೆಯಿಂದ ಹೋಗು' ಎಂದು ತೋರಿಸಿದ ಮೇಲೆಯೇ. ನಮ್ಮ ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ಈ ಪದ್ಧತಿ ಬಂದರೆ ಎಷ್ಟು ಚೆನ್ನ!

ಮಗಳಿಗೆ ಸಿಕ್ಕ ಮೇಷ್ಟರು ಅರವತ್ತು ದಾಟಿದ ಒಬ್ಬ ಹೆಂಗಸು. ಬೆಳ್ಳಗಿನ ಕೂದಲನ್ನು ಹೆಲ್ಮೆಟ್ಟಿನೊಳಗೆ ತುರುಕಿಕೊಂಡು ಬಲಗಡೆಯ ಸೀಟಿನಲ್ಲಿ ಕೂತರು. ಅಲ್ಲಿ ಸ್ಟಿಯರಿಂಗು ಎಡಕ್ಕೆ ತಾನೆ. ಇಬ್ಬರ ಹೆಲ್ಮೆಟ್ಟಿಗೂ ಮಾತು ಕೇಳಿಸುವ ತಂತಿ. ಇಪ್ಪತ್ತು ನಿಮಿಷ ಓಡಿಸುವುದು, ಹೊರಗೆ ಬಂದು ತರಗತಿಯಲ್ಲಿ ಕೂರುವುದು, ಮತ್ತೆ ಓಡಿಸುವುದು. ಹೀಗೆ ಸಂಜೆಯವರೆಗೆ.

ಮೊದಲ ಸುತ್ತು ಮುಗಿಸಿ ಬಂದವಳನ್ನು "ಎಷ್ಟು ಸ್ಪೀಡಲ್ಲಿ ಹೋದೆಯೇ?" ಎಂದು ಕೇಳಿದೆ. "ಮೀಟರ್ ನೋಡೋಕೆ ಪುರುಸೊತ್ತೆಲ್ಲಿ ಅಮ್ಮಾ, ಇಡೀ ಹೊತ್ತು 'ಕಣ್ಣೆತ್ತು, ಕಣ್ಣೆತ್ತು' ಅಂತ ಬೈಸಿಕೊಂಡೆ" ಎಂದಳು. ಕಾರಿನ ಮೂತಿಯ ಮುಂದಿನ ನೆಲವನ್ನಲ್ಲ, ತಿರುವಿನ ಆಚೆ ಎಲ್ಲಿಗೆ ಹೋಗಬೇಕೋ ಅಲ್ಲಿಗೇ ನೋಡಬೇಕಂತೆ. ಕಣ್ಣು ಹೋದ ಕಡೆ ಕೈ ಹೋಗುತ್ತದೆ. ಗೋಡೆ ನೋಡಿದರೆ ಕಾರೂ ಗೋಡೆಗೇ.

ಇನ್ನೊಂದು ಪಾಠ ನಮಗೆಲ್ಲ ಚೆನ್ನಾಗಿ ಅರ್ಥವಾಗುವಂಥದ್ದು. ಟೈರಿಗೆ ನೆಲದ ಹಿಡಿತ ಎಂಬುದು ತಿಂಗಳ ಸಂಬಳವಿದ್ದ ಹಾಗೆ, ಇರುವುದು ಇಷ್ಟೇ. ಎಲ್ಲವನ್ನೂ ಬ್ರೇಕಿಗೆ ಖರ್ಚು ಮಾಡಿದರೆ ತಿರುಗಿಸಲು ಏನೂ ಉಳಿಯುವುದಿಲ್ಲ. ಆದ್ದರಿಂದ ಬ್ರೇಕಿನ ಕೆಲಸವನ್ನು ನೇರ ದಾರಿಯಲ್ಲೇ ಬಹುಮಟ್ಟಿಗೆ ಮುಗಿಸಿ, ಆಮೇಲೆ ತಿರುಗಿಸಿ, ಹೊರಗೆ ಬರುವಾಗ ಮೆಲ್ಲಗೆ ಆಕ್ಸಿಲರೇಟರ್ ಒತ್ತಬೇಕು. ಯಾವುದನ್ನೂ ದಡಕ್ಕನೆ ಮಾಡುವಂತಿಲ್ಲ. ತುಂಬಿದ ಕೊಡ ಸೊಂಟದ ಮೇಲಿಟ್ಟುಕೊಂಡು ನಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೀರು ಒಂದು ಕಡೆಗೆ ತುಳುಕಿದರೆ ನಾವೂ ಆ ಕಡೆಗೇ.

ಕೇಳುತ್ತಾ ಕೇಳುತ್ತಾ ನನಗೆ ಆಗುಂಬೆ ಘಾಟಿ ನೆನಪಾಯಿತು. ತೀರ್ಥಹಳ್ಳಿಯಿಂದ ಉಡುಪಿಗೆ ಚಿಕ್ಕಂದಿನಲ್ಲಿ ಎಷ್ಟು ಸಲ ಹೋಗಿದ್ದೇನೋ. ಆ ಹದಿನಾಲ್ಕು ತಿರುವುಗಳಲ್ಲಿ ಬಸ್ಸಿನ ಡ್ರೈವರು ತಿರುವು ಬರುವ ಮುಂಚೆಯೇ ಗೇರು ಇಳಿಸಿ ನಿಧಾನ ಮಾಡುತ್ತಿದ್ದ, ತಿರುವಿನ ಒಳಗೆ ಬ್ರೇಕ್ ತುಳಿಯುತ್ತಿರಲಿಲ್ಲ. ಡಾಲರು ಸುರಿದು ಕಲಿಯುತ್ತಿರುವುದು ಅದನ್ನೇ ಅಲ್ಲವೇ? ಮಗಳಿಗೆ ಹೇಳಿದೆ. "ಹೌದು ಮಾರಾಯ್ತಿ, ಅದನ್ನೇ" ಎಂದು ನಕ್ಕಳು.

ಊಟದ ಹೊತ್ತಿಗೆ ಮೇಷ್ಟರಮ್ಮನೂ ನಮ್ಮ ಚಿತ್ರಾನ್ನದ ಪಾಲುದಾರರಾದರು. ಮಾತಿಗೆ ಮಾತು ಬಂದು ಲಿನ್ ಸೇಂಟ್ ಜೇಮ್ಸ್ ಎಂಬಾಕೆಯ ಕಥೆ ಹೇಳಿದರು. ಪಿಯಾನೊ ಕಲಿತಿದ್ದ ಹೆಂಗಸು. 1970ರ ದಶಕದಲ್ಲಿ ತಮ್ಮ ಫೋರ್ಡ್ ಪಿಂಟೊ ಕಾರಿನಲ್ಲೇ ರೇಸಿಗೆ ಇಳಿದು, ಆರಂಭದಲ್ಲೇ ಜಾರಿ ಪಕ್ಕದ ಕೊಳಕ್ಕೆ ಬಿದ್ದರಂತೆ! ಅದೇ ಹೆಂಗಸು 1992ರಲ್ಲಿ, ತಮ್ಮ 45ನೆಯ ವಯಸ್ಸಿನಲ್ಲಿ, ಪ್ರಸಿದ್ಧ ಇಂಡಿಯಾನಾಪೊಲಿಸ್ 500 ರೇಸಿನಲ್ಲಿ ಓಡಿಸಿ ಆ ವರ್ಷದ ಅತ್ಯುತ್ತಮ ಹೊಸಬರೆಂಬ ಗೌರವ ಪಡೆದರು. ಆ ಗೌರವ ಪಡೆದ ಮೊದಲ ಮಹಿಳೆ ಅವರೇ. ನಲವತ್ತೈದಕ್ಕೆ ನಾವು ಮೊಣಕಾಲಿಗೆ ಎಣ್ಣೆ ಹುಡುಕುತ್ತಿರುತ್ತೇವೆ.

ಊಟವಾದ ಮೇಲಿನ ಸರದಿಯಲ್ಲಿ ಆದದ್ದನ್ನು ಮುಚ್ಚಿಡುವುದಿಲ್ಲ. ತಂತಿ ಬೇಲಿಯ ಈಚೆ ನಿಂತು ನೋಡುತ್ತಿದ್ದೆ. ನಾಲ್ಕನೆಯ ತಿರುವಿನ ಹೊರಗಂಚಿನಲ್ಲಿ ಬುಸ್ಸೆಂದು ಧೂಳೆದ್ದಿತು. ಧೂಳಿನೊಳಗೆ ಕೆಂಪು ಬಣ್ಣ. ಅವಳ ಕಾರೇ! ಮಂಜುನಾಥಸ್ವಾಮಿಗೆ ಏನು ಹರಕೆ ಹೊತ್ತೆನೋ ನನಗೇ ನೆನಪಿಲ್ಲ. ಕಾರು ಸ್ವಲ್ಪ ದೂರ ಎರಡು ಚಕ್ರ ಮಣ್ಣಿನಲ್ಲಿ, ಎರಡು ಟಾರಿನ ಮೇಲೆ ಹಾಗೇ ನೇರ ಹೋಗಿ, ಆಮೇಲೆ ಮೆಲ್ಲಗೆ ಮೇಲೆ ಬಂತು. ಕಪ್ಪು ಬಾವುಟ ಆಡಿತು. ಒಳಗೆ ಬಂದವಳ ಮುಖ ಸುಣ್ಣ ಬಳಿದಂತಿತ್ತು.

ಅಂಥ ಹೊತ್ತಿನಲ್ಲಿ ಯಾರಾದರೂ ಮಾಡುವುದೇನು? ಸ್ಟಿಯರಿಂಗನ್ನು ಸರಕ್ಕನೆ ರಸ್ತೆಯ ಕಡೆಗೆ ಎಳೆಯುವುದು. ಅದೇ ಪ್ರಾಣಕ್ಕೆ ಕುತ್ತಂತೆ. ಟಾರಿನ ಮೇಲಿನ ಚಕ್ರಕ್ಕೆ ಥಟ್ಟನೆ ಹಿಡಿತ ಸಿಕ್ಕಿ ಕಾರು ರಸ್ತೆಗೆ ಅಡ್ಡ ಹಾರುತ್ತದೆ, ಇಲ್ಲವೇ ಮಗುಚುತ್ತದೆ. ಮೇಷ್ಟರಮ್ಮ ಬೆಳಿಗ್ಗೆ ಹತ್ತು ಸಲ ಹೇಳಿದ್ದರಂತೆ, "ಹೊರಗೆ ಹೋದರೆ ಹೋಗು, ಎಳೆಯಬೇಡ". ಆ ಮಾತು ಕೈಗೆ ನೆನಪಿತ್ತು, ಅಷ್ಟೆ. ನಮ್ಮ ಹೆದ್ದಾರಿಗಳ ಅಂಚಿನಲ್ಲಿ ಚಕ್ರ ಮಣ್ಣಿಗಿಳಿದಾಗ ಎಷ್ಟು ಜನ ಗಾಬರಿಯಿಂದ ಎಳೆದು ಅನಾಹುತ ಮಾಡಿಕೊಂಡಿಲ್ಲ! ಇಡೀ ದಿನದ ಖರ್ಚು ಆ ಒಂದು ಗಳಿಗೆಯಲ್ಲಿ ಬಂತೆಂದು ನನಗನಿಸಿತು.

ಖರ್ಚು ಎಂದೆನಲ್ಲ, ಅದೇನೂ ಸಣ್ಣದಲ್ಲ. ದಿನಕ್ಕೆ ಕೆಲವು ನೂರು ಡಾಲರು ಶುಲ್ಕ. ಟೈರು, ಬ್ರೇಕು ಸವೆಯುವುದು ಬೇರೆ. ಮಾಮೂಲಿ ಕಾರು ವಿಮೆಗಳು ಬಹಳಷ್ಟು ಟ್ರ್ಯಾಕಿನೊಳಗಿನ ಅಪಘಾತಕ್ಕೆ ಹಣ ಕೊಡುವುದಿಲ್ಲ. ಒಂದು ದಿನದ ವಿಮೆಯನ್ನೇ ಬೇರೆ ಮಾಡಿಸಬೇಕು. ನಿಮ್ಮ ಮಗನೋ ಸೊಸೆಯೋ ಹೀಗೆ ಹೊರಟರೆ ಅಳಬೇಡಿ, ಬೈಯಬೇಡಿ. ಈ ವಿಮೆಯ ಕಾಗದ ತೋರಿಸು ಎನ್ನಿ. ನಾನು ಕೇಳಿದ್ದೆ, ಅವಳು ಮಾಡಿಸಿದ್ದಳು. ಮಾಡಿಸಿರದಿದ್ದರೆ ಕಾರಿನ ಕೀಲಿ ನನ್ನ ಸೆರಗಿನ ಗಂಟಿನಲ್ಲಿರುತ್ತಿತ್ತು.

ಕಡೆಯ ಸರದಿಗೆ ಅವಳು ಹೋಗುವುದಿಲ್ಲವೆಂದುಕೊಂಡಿದ್ದೆ. ಹೋದಳು. ಅಲ್ಲಿ 'ಕಾರ್ಕ್‌ಸ್ಕ್ರೂ' ಎಂಬ ಹೆಸರಾಂತ ತಿರುವಿದೆ. ಏರು ಹತ್ತಿ ತುದಿಗೆ ಬಂದರೆ ಮುಂದೆ ರಸ್ತೆಯೇ ಕಾಣದು. ಎಡಕ್ಕೆ, ಕೂಡಲೇ ಬಲಕ್ಕೆ, ಅಷ್ಟರಲ್ಲೇ ರಸ್ತೆ 18 ಮೀಟರ್ ಕೆಳಗಿಳಿದಿರುತ್ತದೆ. ಐದಂತಸ್ತಿನ ಮನೆಯ ತಾರಸಿಯಿಂದ ಅಂಗಳಕ್ಕೆ ಇಳಿದ ಹಾಗೆ. ಕಾಣದ ರಸ್ತೆಯನ್ನು ಹುಡುಕದೆ ಎದುರಿನ ಮರವೊಂದನ್ನು ಗುರುತಿಟ್ಟುಕೊಂಡು ಇಳಿದಳಂತೆ.

ಮುಗಿಸಿ ಬಂದಾಗ ಬ್ರೇಕಿನಿಂದ ಸುಟ್ಟ ವಾಸನೆ. ಇಳಿಜಾರಾಗಿದೆಯೆಂದು ನಾನು ಒಳಗೆ ಬಗ್ಗಿ ಹ್ಯಾಂಡ್‌ಬ್ರೇಕಿಗೆ ಕೈ ಹಾಕಿದರೆ, "ಎಳೀಬೇಡಮ್ಮಾ!" ಎಂದು ಕೂಗಿಕೊಂಡಳು. ಅಷ್ಟು ಕಾದಾಗ ಎಳೆದರೆ ಬ್ರೇಕು ಅಲ್ಲೇ ಕಚ್ಚಿಕೊಳ್ಳುತ್ತದಂತೆ. ಸರಿ, ಘಾಟಿಯ ಲಾರಿ ಕ್ಲೀನರುಗಳು ಮಾಡುವಂತೆ ಒಂದು ಕಲ್ಲು ಹುಡುಕಿ ತಂದು ಚಕ್ರಕ್ಕೆ ಕೊಟ್ಟೆ.

ರಾತ್ರಿ ಊರಿನಿಂದ ಯಜಮಾನರ ಫೋನು. "ಎಷ್ಟನೇ ನಂಬರು ಬಂದಳು?" ಎಂದರು.

"ನಂಬರೆಲ್ಲ ಇಲ್ಲ ರೀ. ಅದಿರಲಿ, ನಮ್ಮ ಕಾರಿನ ಬ್ರೇಕ್ ಆಯಿಲ್ ಬದಲಾಯಿಸಿ ಎಷ್ಟು ವರ್ಷವಾಯ್ತು?"

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ.