ಬೆಟ್ಟಿ ಬೂಪಳ ವೃತ್ತಾಂತ

ದೊಡ್ಡ ತಲೆ, ಅಗಲವಾದ ಕಣ್ಣುಗಳು, ಹಣೆಯನ್ನು ಮುತ್ತಿದ ಗುಂಗುರುಗೂದಲು, ಮೊಣಕಾಲನ್ನು ಮುಟ್ಟದ ಗಿಡ್ಡ ಅಂಗಿ: ಚೀಲಗಳ ಮೇಲೂ ಚಹದ ಬಟ್ಟಲುಗಳ ಮೇಲೂ ಅಚ್ಚಾಗಿ ಬರುವ ಈ ಹೆಣ್ಣು ಯಾರೆಂದು ತಾಯಂದಿರು ಕೆಲವರು ನಮ್ಮನ್ನು ಕೇಳಿರುವರು. ಇಂಥವಳ ಚಿತ್ರವು ಹುಡುಗಿಯರಿಗೆ ತಕ್ಕುದೋ ಎಂಬ ಸಂಶಯವೂ ಆ ಪ್ರಶ್ನೆಯೊಳಗೆ ಅಡಗಿರುವದು. ಅಂಗಿಯ ಉದ್ದವನ್ನು ಅಳೆದು ಉತ್ತರ ಕೊಡುವದು ಸುಲಭ. ಆದರೆ ವೃತ್ತಾಂತವನ್ನು ಅರಿಯದೆ ಹಾಗೆ ಮಾಡುವದು ನ್ಯಾಯವಲ್ಲ.

ಬೆಟ್ಟಿ ಬೂಪ್ ಲೇಖನಿಯಿಂದ ಹುಟ್ಟಿದವಳು. ಅಮೇರಿಕಾದ ಸಿನಿಮಾ ಮಂದಿರಗಳಲ್ಲಿ ಮುಖ್ಯ ಕಥೆಯ ಸಂಗಡ ಏಳೆಂಟು ನಿಮಿಷಗಳ ಕಾರ್ಟೂನು ಚಿತ್ರಗಳನ್ನು ತೋರಿಸುವ ವಾಡಿಕೆಯಿತ್ತು. ಅವುಗಳನ್ನು ಮಕ್ಕಳಿಗಿಂತ ಹೆಚ್ಚಾಗಿ ದೊಡ್ಡವರೇ ನೋಡುತ್ತಿದ್ದರೆನ್ನಬಹುದು. ನ್ಯೂಯಾರ್ಕಿನ ಮ್ಯಾಕ್ಸ್ ಫ್ಲೈಷರರ ಚಿತ್ರಶಾಲೆಯವರು 1930ನೇ ಆಗಸ್ಟಿನಲ್ಲಿ ಹೊರಡಿಸಿದ 'ಡಿಜ್ಜಿ ಡಿಶಸ್' ಎಂಬ ಚಿತ್ರದಲ್ಲಿ ಇವಳು ಮೊದಲು ಕಾಣಿಸಿಕೊಂಡಳು. ಚಿತ್ರಗಾರರಾದ ಗ್ರಿಮ್ ನ್ಯಾಟ್ವಿಕ್ ಆಗ ಅವಳಿಗೆ ನಾಯಿಯ ಜೋಲುಕಿವಿಗಳನ್ನು ಬರೆದಿದ್ದರು! 1932ರಲ್ಲಿ ಆ ಕಿವಿಗಳೇ ದೊಡ್ಡ ಬಳೆಯಂಥ ಓಲೆಗಳಾಗಿ, ಅವಳು ಪೂರ್ಣ ಸ್ತ್ರೀಯಾದಳು.

ಆ ವರ್ಷದ ಒಂದು ಚಿತ್ರದಲ್ಲಿ ಅವಳು ಸರ್ಕಸ್ಸಿನಲ್ಲಿ ಕೆಲಸಮಾಡುತ್ತಾಳೆ. ಯಜಮಾನನು ತನ್ನ ಇಚ್ಛೆಗೆ ಒಪ್ಪದಿದ್ದರೆ ಕೆಲಸ ಹೋದೀತೆಂದು ಬೆದರಿಸುತ್ತಾನೆ, ಅವಳು ಒಪ್ಪುವದಿಲ್ಲ. ಮತ್ತೊಂದರಲ್ಲಿ ರಾಷ್ಟ್ರಾಧ್ಯಕ್ಷ ಪದವಿಗೇ ಸ್ಪರ್ಧಿಸುತ್ತಾಳೆ. 1934ರ ಜುಲೈಯಿಂದ ಸಿನಿಮಾ ಉದ್ಯಮದ ನೀತಿನಿಯಮಾವಳಿಯು ಬಿಗಿಯಾಗಿ ನಡಿಸಲ್ಪಡಲಾಗಿ ಅಂಗಿಯು ಉದ್ದವಾಯಿತು. ಉದ್ದವಾದ ಅಂಗಿಯ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಬಲ್ಲರು! ಆದಾಗ್ಯೂ ಅದರೊಂದಿಗೆ ಅವಳ ಧೈರ್ಯವನ್ನೂ ಮಡಚಿಟ್ಟರೆಂಬದು ನಮಗೆ ಒಪ್ಪಿಗೆಯಿಲ್ಲ. ಅನಂತರ ಅವಳು ನಾಯಿಮರಿಯ ಚೇಷ್ಟೆಗಳನ್ನು ನೋಡುತ್ತಾ ಮನೆವಾರ್ತೆ ನಡಿಸುವವಳಾದಳು. 1939ರಲ್ಲಿ ಆ ಚಿತ್ರಮಾಲೆಯೇ ನಿಂತಿತು.

ಇದಕ್ಕಿಂತ ದೊಡ್ಡ ವಿಷಯವು ಅವಳ ಕಂಠದ್ದು. 1931ರಿಂದ ಹೆಚ್ಚಿನ ಚಿತ್ರಗಳಲ್ಲಿ ಅವಳಿಗೆ ಧ್ವನಿಕೊಟ್ಟವಳು ಮೇ ಕ್ವೆಸ್ಟೆಲ್. ಆದರೆ ಎಳೆಮಗುವಿನ ಸ್ವರದಲ್ಲಿ ಹಾಡುತ್ತಾ ನಡುನಡುವೆ ಅರ್ಥವಿಲ್ಲದ ತೊದಲಕ್ಷರಗಳನ್ನು ಸೇರಿಸುವ ರೀತಿಯು ತನ್ನದೆಂದು ಹೆಲೆನ್ ಕೇನ್ ಎಂಬ ಪ್ರಸಿದ್ಧ ಗಾಯಕಿಯು 1932ರಲ್ಲಿ ಎರಡೂವರೆ ಲಕ್ಷ ಡಾಲರುಗಳಿಗೆ ವ್ಯಾಜ್ಯ ಹೂಡಿದಳು. 1934ರಲ್ಲಿ ವಿಚಾರಣೆಯಾದಾಗ ಪ್ರತಿವಾದಿಗಳು 'ಬೇಬಿ ಎಸ್ತರ್' ಎಂದು ಹೆಸರಾಂತ ಎಸ್ತರ್ ಜೋನ್ಸ್ ಎಂಬ ಕರಿಯ ಜನಾಂಗದ ಬಾಲಗಾಯಕಿಯ ಮಾತೆತ್ತಿದರು. ಈ ರೀತಿಯಲ್ಲಿ ಅವಳು ಮೊದಲೇ ಹಾಡುತ್ತಿದ್ದಳೆಂದೂ 1928ರಲ್ಲಿ ಕೇನಳು ಅದನ್ನು ಕೇಳಿದ್ದಳೆಂದೂ ಅವಳ ವ್ಯವಸ್ಥಾಪಕನು ಸಾಕ್ಷಿ ನುಡಿದನು. ಅವಳು ಹಾಡಿದ ಚಿತ್ರಸುರುಳಿಯೊಂದನ್ನು ನ್ಯಾಯಾಲಯದಲ್ಲಿ ತೋರಿಸಿದರು. ಕೇನಳು ಸೋತಳು. ಚಿತ್ರಶಾಲೆಯವರು ಗೆದ್ದರು. ಎಸ್ತರಳೋ ವಾದಿಯೂ ಅಲ್ಲ, ಪ್ರತಿವಾದಿಯೂ ಅಲ್ಲ. ಆ ತೀರ್ಪಿನಿಂದ ಅವಳಿಗೆ ಬಂದದ್ದು ಏನೂ ಇಲ್ಲ. ಒಬ್ಬ ಬಾಲಕಿಯ ಹಾಡುಗಾರಿಕೆಯು ದೊಡ್ಡವರ ವ್ಯಾಜ್ಯಕ್ಕೆ ಸಾಧನವಾಯಿತೇ ಹೊರತು ಅದರ ಬೆಲೆಯನ್ನು ಅವಳಿಗೆ ಸಲ್ಲಿಸಬೇಕೆಂದು ಅಲ್ಲಿ ಯಾರೂ ಕೇಳಲಿಲ್ಲ.

ಚಿತ್ರಶಾಲೆಯೊಳಗಣ ಸ್ತ್ರೀಯರ ಸಂಗತಿಯೂ ಇಲ್ಲಿ ಸಲ್ಲುತ್ತದೆ. ಗಂಡಸರು ಬರೆದ ಚಿತ್ರಗಳಿಗೆ ಮಸಿ ತೀಡುವದೂ ಬಣ್ಣ ತುಂಬುವದೂ ಅವರ ಪಾಲಿನ ಕೆಲಸವಾಗಿತ್ತು. ಲಿಲಿಯನ್ ಫ್ರೀಡ್ಮನ್ ಎಂಬ ಯುವತಿಯು ಮಾತ್ರ 1933ರಲ್ಲಿ ಅಲ್ಲಿಯೇ ಚಲನಚಿತ್ರಗಾರ್ತಿಯ ಪದವಿಗೇರಿ, ಬೆಟ್ಟಿಯನ್ನೂ ಅವಳ ನಾಯಿಮರಿಯನ್ನೂ ತನ್ನ ಕೈಯಿಂದ ನಡಿಸಿದಳು. ಅವಳು ಕೆಲಸಮಾಡಿದ ಬಹುಪಾಲು ಚಿತ್ರಗಳಲ್ಲಿ ಅವಳ ಹೆಸರು ಬರೆಯಲ್ಪಟ್ಟಿಲ್ಲ.