ಎಪಿ ನಂಬರಿನ ಹಳೆಯ ಗಾಡಿ: ರಿಪೇರಿಯೋ, ಬದಲಿಯೋ?

ಹೈದರಾಬಾದಿನ ತಾರ್ನಾಕದ ಯಾವುದೇ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಗಾಡಿಯ ವಯಸ್ಸನ್ನು ಯಾರನ್ನೂ ಕೇಳಬೇಕಾಗಿಲ್ಲ, ನಂಬರ್ ಪ್ಲೇಟೇ ಹೇಳಿಬಿಡುತ್ತದೆ. ಟಿಜಿ ಎಂದಿದ್ದರೆ 2024ರ ಮಾರ್ಚ್ ನಂತರದ್ದು. ಟಿಎಸ್ ಎಂದಿದ್ದರೆ ಅದಕ್ಕೆ ಹಿಂದಿನ ಹತ್ತು ವರ್ಷದ್ದು. ಹೈದರಾಬಾದಿನಲ್ಲೇ ನೋಂದಣಿಯಾಗಿ ಎಪಿ ಎಂದಿದ್ದರೆ ಅದು 2014ರ ಜೂನಿನಲ್ಲಿ ತೆಲಂಗಾಣ ರಾಜ್ಯ ಹುಟ್ಟುವುದಕ್ಕೂ ಮೊದಲಿನ ಗಾಡಿ. ಖಾಸಗಿ ಕಾರಿನ ಆರ್‌ಸಿಗೆ ಕಾನೂನು ಕೊಡುವ ಮೊದಲ ಆಯುಷ್ಯ 15 ವರ್ಷ. ಹಾಗಾಗಿ 2029ರ ನಡುವಿನ ಹೊತ್ತಿಗೆ ಈ ನಗರದ ಎಪಿ ಫಲಕದ ಕೊನೆಯ ಕಾರಿಗೂ ಆ ಗಡಿ ಬರುತ್ತದೆ. ಬಹಳಷ್ಟಕ್ಕೆ ಈಗಾಗಲೇ ಬಂದಿದೆ.

ಇವುಗಳಲ್ಲಿ ಹೆಚ್ಚು ತಲೆಬಿಸಿ ಕೊಡುವುದು ಸಣ್ಣ ಕಾರಲ್ಲ, ದೊಡ್ಡ ಡೀಸೆಲ್ ಗಾಡಿ: ಕ್ವಾಲಿಸ್, ಹಳೆಯ ಇನ್ನೋವಾ, ಸುಮೋ, ಬೊಲೆರೊ, ಸ್ಕಾರ್ಪಿಯೊ. ಬೀದರ, ಕಲಬುರಗಿ, ರಾಯಚೂರು ಕಡೆಯಿಂದ ಬಂದು ಇಲ್ಲಿ ನೆಲೆಸಿದ ಮನೆಗಳಿಗೆ ಇದು ಬರೀ ಕಾರಲ್ಲ. ಊರಿಗೆ ಹೋಗುವಾಗ ಏಳೆಂಟು ಜನ, ಬರುವಾಗ ಅದೇ ಜನದ ಜೊತೆಗೆ ಜೋಳದ ಚೀಲ, ತೊಗರಿಬೇಳೆ, ಮೇಲಿನ ಕ್ಯಾರಿಯರಿನಲ್ಲಿ ಹಾಸಿಗೆ. ಜಹೀರಾಬಾದ್ ಮೇಲಿಂದ ಬೀದರಕ್ಕೆ ಸುಮಾರು 150 ಕಿಲೋಮೀಟರ್, ಹುಮನಾಬಾದ್ ಮೇಲಿಂದ ಕಲಬುರಗಿಗೆ ಸುಮಾರು 220. ಬೇರೆ ದೇಶಗಳಲ್ಲಿ ಹಿಂದೆ ಟ್ರೇಲರ್ ಕಟ್ಟಿ ಎಳೆಯುವ ಕೆಲಸವನ್ನು ಇಲ್ಲಿ ಗಾಡಿ ತನ್ನ ಮೈಮೇಲೆ ಹೊತ್ತು ಮಾಡುತ್ತದೆ. ಇಂಥ ಗಾಡಿ ಒಂದು ದಿನ ಗ್ಯಾರೇಜಿಗೆ ಹೋಗಿ ಲಕ್ಷ ದಾಟಿದ ಪಟ್ಟಿ ಹಿಡಿದು ಬಂದರೆ ಏನು ಮಾಡಬೇಕು?

ಎಲ್ಲರೂ ಮೊದಲು ಹಾಕುವ ಲೆಕ್ಕ ಒಂದೇ: "ಗಾಡಿ ಮಾರಿದರೆ ಎರಡು ಲಕ್ಷ ಬರೋದಿಲ್ಲ, ಅದಕ್ಕೆ ಒಂದೂಕಾಲು ಲಕ್ಷ ಸುರಿಯಬೇಕಾ?" ಕೇಳಲು ಸರಿಯಾಗಿಯೇ ಇದೆ, ಆದರೆ ಲೆಕ್ಕ ತಪ್ಪು. ಮಾರುವ ಬೆಲೆ ಬೇಕಾಗುವುದು ಮಾರುವವನಿಗೆ. ಇಟ್ಟುಕೊಳ್ಳುವವನು ಕೇಳಬೇಕಾದದ್ದು, ಮುಂದಿನ ಮೂರು ವರ್ಷ ಈ ಕೆಲಸ ಮಾಡಿಸಿಕೊಳ್ಳಲು ಯಾವ ದಾರಿಯಲ್ಲಿ ಎಷ್ಟು ಖರ್ಚು ಎಂದು. ಒಂದು ಉದಾಹರಣೆ ಹಾಕಿ ನೋಡಿ. ಹೊಸ ಏಳು ಸೀಟಿನ ಗಾಡಿ ರಸ್ತೆಗಿಳಿಯುವಷ್ಟರಲ್ಲಿ 20 ಲಕ್ಷ ಎಂದಿಟ್ಟುಕೊಳ್ಳಿ. ಐದು ಲಕ್ಷ ಕೈಯಿಂದ, 15 ಲಕ್ಷ ಸಾಲ, ಬಡ್ಡಿ ಶೇ 9.5, ಐದು ವರ್ಷ. ತಿಂಗಳ ಕಂತು ಸುಮಾರು ₹31,500, ವರ್ಷಕ್ಕೆ ₹3.78 ಲಕ್ಷ. ಐದು ವರ್ಷದಲ್ಲಿ ಬಡ್ಡಿಯೇ ₹3.9 ಲಕ್ಷದ ಹತ್ತಿರ. ಹಳೆಯ ಗಾಡಿಯ ಒಂದೂಕಾಲು ಲಕ್ಷದ ಬಿಲ್ಲು ಮೂರು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ₹42,000 ಕೂಡ ಆಗುವುದಿಲ್ಲ. ದುಡ್ಡಿನ ಪ್ರಶ್ನೆ ಮಾತ್ರವಾಗಿದ್ದರೆ ಹಳೆಯ ಗಾಡಿ ಹೆಚ್ಚುಕಡಿಮೆ ಯಾವಾಗಲೂ ಗೆಲ್ಲುತ್ತದೆ.

ಹಾಗಾದರೆ ಅದು ಸೋಲುವುದು ಎಲ್ಲಿ? ಬಿಲ್ಲಿನ ಮೊತ್ತದಲ್ಲಲ್ಲ, ಆ ಬಿಲ್ಲು ಗಾಡಿಯ ಯಾವ ಭಾಗದ್ದು ಎಂಬುದರಲ್ಲಿ. ಸವೆಯಲಿಕ್ಕೆಂದೇ ಇರುವ ಭಾಗಗಳಿವೆ: ಕ್ಲಚ್ ಪ್ಲೇಟ್, ಶಾಕಪ್, ಬುಷ್, ಬ್ರೇಕ್ ಶೂ, ಟೈಮಿಂಗ್ ಬೆಲ್ಟ್, ವಾಟರ್ ಪಂಪ್, ರೇಡಿಯೇಟರ್ ಹೋಸು, ಬ್ಯಾಟರಿ, ಟಯರು. ಇವಕ್ಕೆ ಎಷ್ಟಾದರೂ ಹಾಕಿ, ಹೊಸದು ಕೂತ ಮೇಲೆ ಮತ್ತೆ ವರ್ಷಗಟ್ಟಲೆ ಬರುತ್ತದೆ. ಇನ್ನು ಕೆಲವುಂಟು, ರಿಪೇರಿ ಮಾಡಿಸಿದರೂ ಹಿಂದಿನ ಗಟ್ಟಿತನ ಬಾರದವು: ತುಕ್ಕು ಹಿಡಿದ ಚಾಸಿ, ನೀರಲ್ಲಿ ಮುಳುಗಿದ ವೈರಿಂಗ್, ಅಪಘಾತದಲ್ಲಿ ಬಾಗಿ ಎಳೆಸಿಕೊಂಡ ಫ್ರೇಮು. ಪಟ್ಟಿಯಲ್ಲಿ ಮೊದಲ ಜಾತಿಯವೇ ಇದ್ದರೆ ಕಣ್ಣುಮುಚ್ಚಿ ಮಾಡಿಸಿ. ಎರಡನೆಯ ಜಾತಿಯದು ಒಂದಿದ್ದರೂ, ಮೊತ್ತ ಎಷ್ಟೇ ಚಿಕ್ಕದಿರಲಿ, ಕೈಬಿಡುವ ಯೋಚನೆ ಶುರುಮಾಡಿ.

ಚಾಸಿಯ ವಿಷಯದಲ್ಲಿ ಹೈದರಾಬಾದಿನವರು ಪುಣ್ಯವಂತರು. ಮೇಲೆ ಹೇಳಿದ ಗಾಡಿಗಳೆಲ್ಲ ಉದ್ದಕ್ಕೆ ಎರಡು ಉಕ್ಕಿನ ತೊಲೆ, ನಡುವೆ ಅಡ್ಡಪಟ್ಟಿ ಇರುವ ಏಣಿಯಾಕಾರದ ಫ್ರೇಮಿನ ಮೇಲೆ ಕೂತಿವೆ. ಭಾರ ತಡೆಯುವುದು ಆ ಫ್ರೇಮು, ಮೇಲಿನ ತಗಡಲ್ಲ. ಮಂಗಳೂರು, ಕಾಸರಗೋಡಿನ ಉಪ್ಪುಗಾಳಿಯಲ್ಲಿ ಓಡಿದ ಗಾಡಿಯ ಫ್ರೇಮಿಗೂ ಇಲ್ಲಿನ ಒಣಗಾಳಿಯ ಗಾಡಿಯ ಫ್ರೇಮಿಗೂ ಬಹಳ ಅಂತರ. ಬಾಗಿಲ ಅಂಚಿನ ತುಕ್ಕು ನೋಡಿ ಹೆದರಬೇಡಿ. ಗಾಡಿಯನ್ನು ಲಿಫ್ಟಿಗೇರಿಸಿ, ಹಿಂದಿನ ಚಕ್ರದ ಮೇಲೆ ಫ್ರೇಮು ಬಾಗುವ ಜಾಗದಲ್ಲಿ, ಸ್ಪ್ರಿಂಗು ಕೂರುವ ಬುಡದಲ್ಲಿ ಸಣ್ಣ ಸುತ್ತಿಗೆಯಿಂದ ತಟ್ಟಿಸಿ. ಗಟ್ಟಿ ಉಕ್ಕು ಠಣ್ಣೆನ್ನುತ್ತದೆ, ಕೊಳೆತದ್ದು ಮಂದವಾಗಿ ಸದ್ದು ಮಾಡಿ ಪುಡಿ ಉದುರಿಸುತ್ತದೆ. ಹಾಗೆಯೇ ಚಾಸಿ ನಂಬರು ಕೆತ್ತಿದ ಜಾಗ ಸ್ಪಷ್ಟವಾಗಿದೆಯೇ ನೋಡಿಕೊಳ್ಳಿ. ಆ ನಂಬರು ಓದಲು ಬಾರದಿದ್ದರೆ ಆರ್‌ಟಿಎ ಕಚೇರಿಯಲ್ಲಿ ಕೆಲಸ ಅಲ್ಲಿಗೇ ನಿಲ್ಲುತ್ತದೆ.

ನೀರಿನ ವಿಷಯದಲ್ಲಿ ಮಾತ್ರ ಈ ಪುಣ್ಯವಿಲ್ಲ. 2020ರ ಅಕ್ಟೋಬರ್ ಮಳೆಗೆ ನಗರದ ಎಷ್ಟೋ ಬಡಾವಣೆಗಳಲ್ಲಿ ಕಾರುಗಳು ಮುಳುಗಿದ್ದವು. ನಿಮ್ಮದು ಆಗ ನಿಂತ ನೀರಲ್ಲಿದ್ದರೆ, ಅಥವಾ ಆ ನಂತರ ಕೊಂಡದ್ದಾಗಿದ್ದರೆ, ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆದು ಕೆಸರಿನ ಗೆರೆ ಇದೆಯೇ ನೋಡಿ. ಕಾರ್ಪೆಟ್ ಎತ್ತಿ ಅಡಿಯ ಕನೆಕ್ಟರುಗಳಲ್ಲಿ ಹಸಿರು ಕಿಲುಬು ಹುಡುಕಿ. ಇದ್ದಕ್ಕಿದ್ದಂತೆ ಎಲ್ಲ ದೀಪ ಹೊತ್ತಿ ಆರುವ ಗಾಡಿಯ ರೋಗ ಹೆಚ್ಚಾಗಿ ಇಲ್ಲೇ ಇರುತ್ತದೆ. ಮೆಕ್ಯಾನಿಕ್ ಒಂದೊಂದೇ ಸೆನ್ಸರ್ ಬದಲಿಸುತ್ತ ಹೋಗುತ್ತಾನೆ, ರೋಗ ಹೋಗುವುದಿಲ್ಲ. ವೈರು ಕಡಿಯುವ ಇಲಿಯ ಕಾಟ ಬೇರೆ, ಅದು ಸರಿಮಾಡುವಂಥದ್ದು.

ಇನ್ನು ಇಂಜಿನ್. "ಬೋರಿಗೆ ಬಂದಿದೆ" ಎಂದು, ಅಂದರೆ ಸಿಲಿಂಡರ್ ಸವೆದಿದೆ ಎಂದು, ಮೆಕ್ಯಾನಿಕ್ ಹೇಳಿದ ಕೂಡಲೇ ಒಪ್ಪಬೇಡಿ, ತೋರಿಸು ಎನ್ನಿ. ಬಿಸಿಯಾದ ಇಂಜಿನ್ ಐಡಲಿನಲ್ಲಿ ಓಡುತ್ತಿರುವಾಗ ಆಯಿಲ್ ತುಂಬುವ ಮುಚ್ಚಳ ತೆಗೆದು ಬಾಯ ಮೇಲೆ ಸಡಿಲವಾಗಿಡಿ. ಸ್ವಲ್ಪ ಆವಿ ಬಂದರೆ ಸಹಜ. ಮುಚ್ಚಳ ಕುಣಿದು ಹಾರಿ ಹೊಗೆ ಭಸಭಸ ಬಂದರೆ ರಿಂಗು ಸವೆದಿದೆ. ಸೈಲೆನ್ಸರಿನ ನೀಲಿ ಹೊಗೆ ಆಯಿಲ್ ಸುಡುವುದರ ಗುರುತು. ಕಪ್ಪು ಹೊಗೆ ಹೆಚ್ಚಾಗಿ ಇಂಜೆಕ್ಟರ್, ಏರ್ ಫಿಲ್ಟರ್, ಟರ್ಬೊ ಹೋಸು, ಇಜಿಆರ್‌ಗಳ ತಕರಾರು, ಅದಕ್ಕೆ ಇಂಜಿನ್ ಬಿಚ್ಚಬೇಕಿಲ್ಲ. ಆಯಿಲ್ ಮುಚ್ಚಳದೊಳಗೆ ಹಾಲಿನ ಕೆನೆಯಂಥದ್ದು ಕಂಡು, ಕೂಲೆಂಟೂ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಅನುಮಾನಿಸಿ. ಕೊನೆಗೆ ಕಂಪ್ರೆಷನ್ ಟೆಸ್ಟ್ ಮಾಡಿಸಿ ನಾಲ್ಕೂ ಸಿಲಿಂಡರಿನ ಅಂಕಿ ಬರೆಸಿಕೊಳ್ಳಿ. ನಾಲ್ಕೂ ಹತ್ತಿರ ಹತ್ತಿರ ಇದ್ದು, ಕಂಪನಿ ಹೇಳುವ ಕನಿಷ್ಠ ಮಟ್ಟಕ್ಕಿಂತ ಕೆಳಗಿಲ್ಲದಿದ್ದರೆ ಇಂಜಿನ್ನಿಗೆ ಇನ್ನೂ ಜೀವವಿದೆ.

ಹಳೆಯ 2.5 ಲೀಟರ್ ಇನ್ನೋವಾ ಇರುವವರಿಗೆ ಒಂದು ಮಾತು. ಅದರಲ್ಲಿರುವುದು ಟೈಮಿಂಗ್ ಬೆಲ್ಟ್, ಚೈನಲ್ಲ. ಲಕ್ಷ ಕಿಲೋಮೀಟರಿಗೆ ಬದಲಿಸಬೇಕೆಂದು ಮೀಟರಿನಲ್ಲೇ ದೀಪ ಹೊತ್ತುತ್ತದೆ. ಬದಲಿಸದೆ ಆ ದೀಪ ಮಾತ್ರ ಆರಿಸಿ ಮಾರಿದ ಗಾಡಿಗಳಿವೆ. ಎರಡನೆಯ ಕೈಯಿಂದ ಕೊಂಡಿದ್ದು ಬೆಲ್ಟಿನ ಬಿಲ್ಲು ಕೈಯಲ್ಲಿ ಇಲ್ಲದಿದ್ದರೆ, ಅದು ಬದಲಾಗಿಲ್ಲ ಎಂದೇ ತಿಳಿದು ಮಾಡಿಸಿಬಿಡಿ. ದಾರಿಯಲ್ಲಿ ತುಂಡಾದರೆ ವಾಲ್ವು ಪಿಸ್ಟನ್ನಿಗೆ ಬಡಿದು ಸಣ್ಣ ಬಿಲ್ಲು ಹೆಡ್ ಕೆಲಸವಾಗುತ್ತದೆ.

ಭಾರ ಹೊರುವ ಗಾಡಿಯನ್ನು ಭಾರ ಹೇರಿಯೇ ಪರೀಕ್ಷಿಸಬೇಕು. ಗ್ಯಾರೇಜಿನವರು ಖಾಲಿ ಗಾಡಿಯನ್ನು ಹಬ್ಸಿಗೂಡದವರೆಗೆ ಓಡಿಸಿ "ಸೂಪರ್ ಇದೆ ಸಾರ್" ಎನ್ನುವುದಕ್ಕೆ ಬೆಲೆಯಿಲ್ಲ. ಮನೆಮಂದಿಯನ್ನೆಲ್ಲ ಕೂರಿಸಿ, ಎಸಿ ಹಾಕಿ, ಮಧ್ಯಾಹ್ನದ ಬಿಸಿಲಲ್ಲಿ ಹೆದ್ದಾರಿಯಲ್ಲಿ ಒಂದು ಗಂಟೆ ಓಡಿಸಿ. ಟೆಂಪರೇಚರ್ ಮುಳ್ಳು ನಡುವನ್ನು ದಾಟಬಾರದು, ಏರಿನಲ್ಲಿ ಇಂಜಿನ್ ಕೂಗುತ್ತಿದ್ದರೂ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ ಎಂದರ್ಥ, ಬ್ರೇಕ್ ಒತ್ತಿದಾಗ ಗಾಡಿ ಒಂದು ಕಡೆಗೆ ಎಳೆಯಬಾರದು. ಈ ಒಂದು ಗಂಟೆ ಸ್ಕ್ಯಾನರ್ ರಿಪೋರ್ಟಿಗಿಂತ ಹೆಚ್ಚು ಹೇಳುತ್ತದೆ.

ಇದೇ ಗಾಡಿಯ ಹಿಂದೆ ಸಣ್ಣ ಟ್ರೇಲರ್ ಕಟ್ಟೋಣ ಎನ್ನುವವರೂ ಇದ್ದಾರೆ. ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರೇಲರೂ ಒಂದು ಮೋಟಾರು ವಾಹನವೇ, ಅದಕ್ಕೂ ನೋಂದಣಿ ಬೇಕು. ವೆಲ್ಡಿಂಗ್ ಅಂಗಡಿಯಲ್ಲಿ ಕೊಕ್ಕೆ ಹಾಕಿಸಿದರೆ ಮುಗಿಯಲಿಲ್ಲ. ವಯಸ್ಸಾದ ಕ್ಲಚ್ಚಿಗೂ ಬ್ರೇಕಿಗೂ ಆ ಹೊರೆ ಬೇಡ.

ಬಿಡಿಭಾಗದ ಮಾತಿಗೆ ಬಂದರೆ, ರಾಣಿಗಂಜ್, ಪುತ್ಲಿಬೌಲಿಯ ಅಂಗಡಿಗಳು ಇರುವವರೆಗೆ ತಾರ್ನಾಕದವರಿಗೆ ಚಿಂತೆಯಿಲ್ಲ. ಟ್ಯಾಕ್ಸಿಯಾಗಿ ಲಕ್ಷಗಟ್ಟಲೆ ಓಡಿದ ಮಾಡೆಲಿನ ಸಾಮಾನು ಸಿಗದೆ ಇರುವುದಿಲ್ಲ. ಕಷ್ಟವಿರುವುದು ಭಾರತದಿಂದ ಕಂಪನಿಯೇ ಹೊರಟುಹೋದ ಗಾಡಿಗಳಿಗೆ. ಬ್ರೇಕು, ಸ್ಟಿಯರಿಂಗು, ಬೆಲ್ಟುಗಳಿಗೆ ಒರಿಜಿನಲ್ಲೇ ಹಾಕಿಸಿ, ಕನ್ನಡಿ, ಹಿಡಿಕೆ, ಲ್ಯಾಂಪಿಗೆ ಬೇರೆ ಕಂಪನಿಯದಾದರೂ ಅಡ್ಡಿಯಿಲ್ಲ.

ಕಾಗದಪತ್ರದ ಲೆಕ್ಕದಲ್ಲಿ ಮೊದಲು ಒಂದು ಗಾಳಿಮಾತು ಬಿಡಿಸಿಕೊಳ್ಳೋಣ. "ಹತ್ತು ವರ್ಷದ ಡೀಸೆಲ್ ಗಾಡಿ ಇನ್ನು ಓಡಿಸುವಂತಿಲ್ಲವಂತೆ" ಎಂಬುದು ದೆಹಲಿ ಸುತ್ತಲಿನ ಪ್ರದೇಶಕ್ಕೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಕೊಟ್ಟ ಆದೇಶದಿಂದ ಹುಟ್ಟಿದ್ದು. ಹೈದರಾಬಾದಿಗಾಗಲಿ ಕರ್ನಾಟಕಕ್ಕಾಗಲಿ ಅದು ಅನ್ವಯಿಸುವುದಿಲ್ಲ. ಇಲ್ಲಿ 15 ವರ್ಷ ತುಂಬಿದ ಖಾಸಗಿ ಕಾರನ್ನು ತಪಾಸಣೆ ಮಾಡಿಸಿ ಐದು ವರ್ಷಕ್ಕೆ ನವೀಕರಿಸಬಹುದು, ಪಾಸಾದರೆ ಮತ್ತೈದು. ಆರ್‌ಸಿ ಮುಗಿಯುವುದಕ್ಕೆ ಮೊದಲಿನ 60 ದಿನದೊಳಗೆ ಫಾರ್ಮ್ 25ರಲ್ಲಿ ಅರ್ಜಿ. ಮೊದಲು ₹600 ಇದ್ದ ಶುಲ್ಕ 2022ರ ಏಪ್ರಿಲ್ 1ರಿಂದ ₹5,000 ಆಯಿತು. 20 ವರ್ಷ ದಾಟಿದ ಕಾರುಗಳಿಗೆ 2025ರ ಆಗಸ್ಟಿನಲ್ಲಿ ₹10,000 ಮಾಡಿದರು. ತಡಮಾಡಿದರೆ ತಿಂಗಳಿಗೆ ₹500 ಹೆಚ್ಚುವರಿ. ಇದರ ಮೇಲೆ ಹಸಿರು ತೆರಿಗೆ. ಇಷ್ಟೆಲ್ಲ ಸೇರಿದರೂ ಹೊಸ ಗಾಡಿಯ ಒಂದು ಕಂತಿಗಿಂತ ಬಹಳ ದೂರ ಹೋಗುವುದಿಲ್ಲ. ಒಂದು ಜಾಣತನ ಮಾತ್ರ ಬೇಕು: ನವೀಕರಣಕ್ಕೆ ವರ್ಷವೋ ಆರು ತಿಂಗಳೋ ಇರುವಾಗ ದೊಡ್ಡ ರಿಪೇರಿ ಮಾಡಿಸಬೇಡಿ. ಮೊದಲು ಬ್ರೇಕು, ದೀಪ, ಹೊಗೆ ಸರಿಮಾಡಿಸಿ ತಪಾಸಣೆ ಪಾಸು ಮಾಡಿಸಿ, ಐದು ವರ್ಷ ಕೈಗೆ ಬಂದ ಮೇಲೆ ಉಳಿದದ್ದು.

ವಿಮೆಯಲ್ಲೂ ಸ್ವಲ್ಪ ಯೋಚಿಸಬೇಕು. ಥರ್ಡ್ ಪಾರ್ಟಿ ಕಡ್ಡಾಯ, ಗಾಡಿ ಎಷ್ಟು ಹಳೆಯದಾದರೂ ಅದು ಇಳಿಯುವುದಿಲ್ಲ. 1500 ಸಿಸಿ ಮೀರಿದ ಕಾರಿಗೆ 2022ರ ದರದಂತೆ ವರ್ಷಕ್ಕೆ ₹7,897, ಮೇಲೆ ಜಿಎಸ್‌ಟಿ ಲೆಕ್ಕ. ಫುಲ್ ಇನ್ಶೂರೆನ್ಸ್ ತೆಗೆದುಕೊಂಡರೆ, ರಿಪೇರಿ ವೆಚ್ಚ ಪಾಲಿಸಿಯಲ್ಲಿ ಬರೆದ ಮೌಲ್ಯದ ಶೇ 75 ದಾಟಿದ ಕೂಡಲೇ ಕಂಪನಿ ಅದನ್ನು ಪೂರ್ತಿ ನಷ್ಟವೆಂದು ಪರಿಗಣಿಸುತ್ತದೆ. ಒಂದೂವರೆ ಲಕ್ಷ ಮೌಲ್ಯ ಬರೆಸಿದ ಗಾಡಿ ಒಂದು ಸಾಧಾರಣ ಗುದ್ದಿಗೇ ಆ ಗೆರೆ ದಾಟುತ್ತದೆ.

ಬದಲಿಸುವುದೇ ಎಂದಾದರೆ 2025ರ ಸೆಪ್ಟೆಂಬರ್ 22ರ ಜಿಎಸ್‌ಟಿ ಬದಲಾವಣೆ ಒಂದು ಅಳತೆಗೋಲು ಕೊಟ್ಟಿದೆ. ನಾಲ್ಕು ಮೀಟರಿನೊಳಗಿನ, 1500 ಸಿಸಿ ಮೀರದ ಡೀಸೆಲಿಗೆ ಶೇ 18, ಅದಕ್ಕಿಂತ ದೊಡ್ಡದಕ್ಕೆ ಶೇ 40. ಏಣಿ ಫ್ರೇಮಿನ, ಏಳು ಸೀಟಿನ ಬೊಲೆರೊ ಚಿಕ್ಕದರ ಸಾಲಿನಲ್ಲಿ ಬರುತ್ತದೆ, ಎರ್ಟಿಗಾ ಉದ್ದದಿಂದಾಗಿ ದೊಡ್ಡದರ ಸಾಲಿಗೆ. ಮೇಲೆ ರಾಜ್ಯದ ಜೀವಿತ ತೆರಿಗೆ ಬೇರೆ. ಇನ್ನೊಂದು: ಈಗಿನ ಬಿಎಸ್ 6 ಡೀಸೆಲುಗಳ ಸೈಲೆನ್ಸರಿನಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಅದು ತನ್ನನ್ನು ತಾನೇ ಸುಟ್ಟು ಶುಚಿಮಾಡಿಕೊಳ್ಳಲು ಹೆದ್ದಾರಿಯ ಓಟ ಬೇಕು. ವಾರವೆಲ್ಲ ತಾರ್ನಾಕ–ಮೆಟ್ಟುಗೂಡ ನಡುವೆಯೇ ಓಡುವ ಗಾಡಿಗೆ ಡೀಸೆಲ್ ಈಗ ಸರಿಯಾದ ಆಯ್ಕೆಯಲ್ಲ. ದಿನದ ಓಡಾಟಕ್ಕೆ ಮನೆ ಮುಂದೆಯೇ ಮೆಟ್ರೊ, ಸಿಕಂದರಾಬಾದಿನಿಂದ ಊರ ಕಡೆ ರೈಲು, ವರ್ಷಕ್ಕೆರಡು ಸಲದ ಜಾತ್ರೆ, ಮದುವೆಗೆ ಬಾಡಿಗೆ ಇನ್ನೋವಾ: ಈ ಮೂರನೆಯ ದಾರಿಯನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ನನ್ನ ಕಣ್ಣಿಗೆ ತಾರ್ನಾಕದ ಅರ್ಧ ಮನೆಗಳಿಗೆ ಇದೇ ಸರಿ.

ಹಳೆಯದನ್ನು ಊರಲ್ಲಿರುವ ತಮ್ಮನಿಗೆ ಕೊಟ್ಟುಬಿಡುವ ರೂಢಿಯಿದೆ. 12 ತಿಂಗಳಿಗಿಂತ ಹೆಚ್ಚು ಕರ್ನಾಟಕದಲ್ಲಿ ಇಡುವುದಾದರೆ ಇಲ್ಲಿಂದ ಎನ್‌ಒಸಿ ತೆಗೆದು ಅಲ್ಲಿ ತೆರಿಗೆ ಕಟ್ಟಿ ಹೊಸ ನಂಬರು ಪಡೆಯಬೇಕು. ಆರ್‌ಸಿ ಅವಧಿ ಮುಗಿದಿದ್ದರೆ ಮೊದಲು ಇಲ್ಲಿಯೇ ನವೀಕರಿಸಿಕೊಳ್ಳಿ. ಯಾರಿಗೇ ಕೊಡಿ, ಫಾರ್ಮ್ 29, 30ಕ್ಕೆ ಸಹಿ ಹಾಕಿ ಬಿಟ್ಟರಾಗದು, ಹೆಸರು ಬದಲಾದದ್ದನ್ನು ಕಣ್ಣಾರೆ ನೋಡಿ. ನೋಂದಣಿಯಲ್ಲಿ ಹೆಸರಿರುವವನೇ ಮಾಲೀಕ, ಅಪಘಾತದ ಪರಿಹಾರಕ್ಕೆ ಅವನೇ ಹೊಣೆ ಎಂದು ನವೀನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಗುಜರಿಗೆ ಹಾಕುವುದಾದರೆ ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರಕ್ಕೇ ಕೊಟ್ಟು ಠೇವಣಿ ಪ್ರಮಾಣಪತ್ರ ಪಡೆಯಿರಿ. ಹೊಸ ಗಾಡಿಯ ತೆರಿಗೆಯಲ್ಲಿ ರಿಯಾಯಿತಿಗೆ ಅದೇ ದಾಖಲೆ. ಫಾಸ್ಟ್‌ಟ್ಯಾಗ್ ಮುಚ್ಚಿಸಿ. ವರ್ಷಗಟ್ಟಲೆ ಕ್ಲೇಮು ಮಾಡದೆ ಗಳಿಸಿದ ಬೋನಸ್ ಶೇ 50ರವರೆಗೆ ಇರಬಹುದು. ಅದು ಗಾಡಿಯದಲ್ಲ, ನಿಮ್ಮದು. ಮಾರಿದ ಕೂಡಲೇ ವಿಮಾ ಕಂಪನಿಯಿಂದ ಪತ್ರ ಬರೆಸಿಕೊಂಡರೆ ಮೂರು ವರ್ಷದೊಳಗೆ ಕೊಳ್ಳುವ ಮುಂದಿನ ಕಾರಿಗೆ ಸಲ್ಲುತ್ತದೆ.